ಎರಡು ಪೈಪು, ಒಂದು ಕೈ

ಡೆಟ್ರಾಯಿಟ್ ಹೊರವಲಯದ ಜನವರಿ. ಬೆಳಗ್ಗೆ ಏಳೂವರೆಯಾದರೂ ಬೆಳಕು ಸರಿಯಾಗಿ ಹರಿದಿಲ್ಲ. ಹೊರಗೆ ಮೈನಸ್ 14 ಡಿಗ್ರಿ. ಗ್ಯಾರೇಜಿನ ಮುಂದಿನ ಇಳಿಜಾರಿನಲ್ಲಿ ಕಾರು ನಿಂತಿದೆ, ಮೂತಿ ಮೇಲಕ್ಕೆ. ನಿನ್ನೆ ಆಫೀಸಿನಿಂದ ಬರುವಾಗ ಹೀಟರ್ ನಾಬ್ ಕೆಂಪು ತುದಿಯವರೆಗೆ ತಿರುಗಿಸಿದ್ದಿರಿ. ಫ್ಯಾನು ಜೋರಾಗಿ ಊದಿದ್ದು ಫ್ರಿಜ್ ಬಾಗಿಲು ತೆಗೆದಂಥ ಗಾಳಿಯನ್ನು.

ಈಗ ಕೀ ತಿರುಗಿಸಲು ಹೋದವರನ್ನು ಪಕ್ಕದ ಮನೆಯ ಪುತ್ತೂರಿನವರು ತಡೆಯುತ್ತಾರೆ. "ಸ್ಟಾರ್ಟ್ ಮಾಡ್ಬೇಡಿ ಮಾರಾಯ್ರೆ. ತಣ್ಣಗಿರುವಾಗಲೇ ಮೊದಲು ನೀರು ನೋಡುವ."

"ನೋಡಿದೆ ಸಾರ್, ಡಬ್ಬಿಯಲ್ಲಿ ಸರಿಯಾಗೇ ಇದೆ."

"ಡಬ್ಬಿ ಬಿಡಿ. ರೇಡಿಯೇಟರ್ ಮುಚ್ಚಳ ತೆಗೀರಿ."

ತೆಗೆಯುತ್ತೀರಿ. ಎಂಜಿನ್ ಕಾದಿದ್ದಾಗ ಇದೇ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕೂಲೆಂಟ್ ಕುದಿಯುತ್ತಾ ಮುಖಕ್ಕೇ ಚಿಮ್ಮುತ್ತದೆ. ರಾತ್ರಿಯಿಡೀ ಹೆಪ್ಪುಗಟ್ಟುವ ಚಳಿಯಲ್ಲಿ ನಿಂತ ಗಾಡಿಯಲ್ಲಿ ಆ ಭಯವಿಲ್ಲ. ಟಾರ್ಚ್ ಬಿಟ್ಟು ಬಗ್ಗಿ ನೋಡುತ್ತೀರಿ. ಕುತ್ತಿಗೆಯವರೆಗೆ ಇರಬೇಕಾದ ಗುಲಾಬಿ ಬಣ್ಣದ ಕೂಲೆಂಟ್ ಕಾಣುವುದೇ ಇಲ್ಲ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾತ್ರ ಗೆರೆಗಳ ನಡುವೆ ಸುಭಿಕ್ಷ.

ಕಾರಿನ ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್, ಅಷ್ಟೇ. ಡ್ಯಾಶ್‌ಬೋರ್ಡಿನ ಒಳಗೆ ಕೂತಿರುತ್ತದೆ. ಎಂಜಿನ್ನಿನಿಂದ ಬಿಸಿ ಕೂಲೆಂಟ್ ಒಂದು ಪೈಪಿನಲ್ಲಿ ಬಂದು ಇನ್ನೊಂದರಲ್ಲಿ ವಾಪಸಾಗುತ್ತದೆ. ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಕಾದರೆ ಹೀಟರ್ ಹಾಕಿಕೊಂಡು ಬೆವರುತ್ತಾ ಹೋಗುವ ಹಳೇ ಉಪಾಯದ ಗುಟ್ಟೂ ಇದೇ: ಎಂಜಿನ್ನಿನ ಬಿಸಿ ಕಳೆಯಲು ಎರಡನೇ ದಾರಿ. ಊರಿನಲ್ಲಿ ಆ ಕೆಂಪು ತುದಿಗೆ ಬೇರೆ ಕೆಲಸವಾದರೂ ಏನಿತ್ತು!

ಕೂಲೆಂಟ್ ಸುರಿಯುತ್ತೀರಿ. ಅರ್ಧ ನೀರು, ಅರ್ಧ ಗ್ಲೈಕಾಲ್. ಈ ಬೆರಕೆ ಸುಮಾರು ಮೈನಸ್ 37ರವರೆಗೆ ಗಟ್ಟಿಯಾಗುವುದಿಲ್ಲ. ಬರೀ ನೀರು ತುಂಬಿದರೆ ರಾತ್ರಿ ಅದು ಹೆಪ್ಪುಗಟ್ಟಿ ಉಬ್ಬಿ ಎಂಜಿನ್ನನ್ನೇ ಸೀಳೀತು. ಒಂದಿಷ್ಟು ಕೆಳಗೆ ಚೆಲ್ಲಿತು. ಒರೆಸಿಬಿಡಿ. ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೀದಿಯ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

"ಈಗ ಸ್ಟಾರ್ಟ್ ಮಾಡಿ. ಮುಚ್ಚಳ ತೆರೆದೇ ಇರಲಿ. ಹೀಟರ್ ಫುಲ್ ಇಡಿ."

ಟೆಂಪರೇಚರ್ ಮುಳ್ಳು ನಿಧಾನವಾಗಿ ಏಳುತ್ತದೆ. ಅದು ಏಳದೆ ತಳದಲ್ಲೇ ಒದ್ದಾಡಿದ್ದರೆ, ಹೈವೇಗೆ ಹೋದೊಡನೆ ಇನ್ನೂ ಕುಸಿದಿದ್ದರೆ, ಎಂಜಿನ್ ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡಬೇಕಾದ ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ಚದೆ ನಿಂತಿದೆ ಎಂದು ತೀರ್ಮಾನಿಸಬಹುದಿತ್ತು. ಇಲ್ಲಿ ಹಾಗಿಲ್ಲ. ಎಂಜಿನ್ ಕಾಯುತ್ತಿದೆ, ಬಿಸಿ ಮಾತ್ರ ಒಳಗೆ ಬರುತ್ತಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು.

"ಗ್ಲೌಸ್ ತೆಗೆದು ಆ ಎರಡು ಪೈಪು ಮುಟ್ಟಿ ನೋಡಿ. ಬೆಲ್ಟ್ ಹತ್ತಿರ ಕೈ ಬೇಡ."

ಎಂಜಿನ್ನಿನ ಹಿಂಬದಿಯ ತಗಡಿನ ಗೋಡೆಯೊಳಗೆ ಅಕ್ಕಪಕ್ಕ ನುಗ್ಗುವ ಕಪ್ಪು ರಬ್ಬರ್ ಪೈಪುಗಳು. ಮೊದಲನೆಯದಕ್ಕೆ ಬೆರಳಿಟ್ಟು ಥಟ್ಟನೆ ಹಿಂತೆಗೆಯುತ್ತೀರಿ. ಎರಡನೆಯದು ಕೊರೆಯುತ್ತಿದೆ.

ನನ್ನನ್ನು ಕೇಳಿದರೆ, ಯಾವ ಸ್ಕ್ಯಾನರಿಗಿಂತಲೂ ಈ ಪರೀಕ್ಷೆಯೇ ಮೊದಲು ಆಗಬೇಕು. ಎರಡೂ ಬಿಸಿಯಿದ್ದೂ ಗಾಳಿ ತಣ್ಣಗಿದ್ದರೆ ತಪ್ಪು ನೀರಿನದಲ್ಲ, ಒಳಗೆ ಗಾಳಿಯ ದಾರಿ ತಿರುಗಿಸುವ ಪುಟ್ಟ ಬಾಗಿಲಿನದು. ಅದರ ಮೋಟಾರು ಕೆಟ್ಟರೆ ಎಷ್ಟೋ ಸಲ ಟಿಕ್ ಟಿಕ್ ಎಂದು ತಾನೇ ಹೇಳುತ್ತದೆ. ಎರಡೂ ತಣ್ಣಗಿದ್ದರೆ ಬಿಸಿ ನೀರು ಅಲ್ಲಿಯವರೆಗೆ ಬಂದೇ ಇಲ್ಲ. ಒಂದು ಬಿಸಿ, ಒಂದು ತಣ್ಣಗೆ ಎಂದರೆ ಹರಿವು ನಡುವೆ ನಿಂತಿದೆ: ಕಸ ಕಟ್ಟಿರಬೇಕು, ಇಲ್ಲವೇ ಗಾಳಿ ಸೇರಿರಬೇಕು. ಈ ಮೂರರಲ್ಲಿ ಯಾವುದೆಂದು ನೋಡದೆ ಥರ್ಮೋಸ್ಟಾಟ್ ಬದಲಿಸಲು ಹೊರಡುವವರೇ ಹೆಚ್ಚು.

"ಕಸ ಆದ್ರೆ ಹೋಸಲ್ಲಿ ನೀರು ಬಿಟ್ಟು ತೊಳೀಬೇಕು. ಈ ಚಳಿಯಲ್ಲಿ ಹೊರಗಿನ ನಲ್ಲಿ ಎಲ್ಲಿಂದ ತರ್ತೀರಿ? ಏರ್ ಲಾಕ್ ಇರ್ಲಿ ಅಂತ ಹರಕೆ ಹೇಳಿ."

ಆಗಲೇ ರೇಡಿಯೇಟರ್ ಬಾಯಲ್ಲಿ ಗುಳ್ಳೆ. ಇನ್ನೊಂದು. ಆಮೇಲೆ ಸಾಲಾಗಿ. ಸುಮಾರು 90 ಡಿಗ್ರಿಗೆ ಥರ್ಮೋಸ್ಟಾಟ್ ತೆರೆದಾಗ ಮಟ್ಟ ಗಬಕ್ಕನೆ ಇಳಿಯುತ್ತದೆ. ನೀವು ಮತ್ತೆ ಸುರಿಯುತ್ತೀರಿ. ಎರಡನೇ ಪೈಪು ಬೆರಳಡಿಯಲ್ಲೇ ಬೆಚ್ಚಗಾಗಿ, ಸುಡತೊಡಗುತ್ತದೆ. ಗಾಜಿನ ಮೇಲಿನ ಮಂಜು ಕೆಳಗಿನಿಂದ ಕರಗುತ್ತಾ ಏರುತ್ತದೆ.

ಮುಚ್ಚಳ ಬಿಗಿದು ನೀವು ಹೊರಡಲು ಸಿದ್ಧ. ಅವರು ಟಾರ್ಚ್ ಕೆಳಗಿಟ್ಟಿಲ್ಲ. "ಗಾಳಿ ಹೊಕ್ಕದ್ದು ಎಲ್ಲಿಂದ?"

ಕಾಲಡಿಯ ಕಾರ್ಪೆಟ್ ಒಣಗಿದೆ, ಸಿಹಿ ವಾಸನೆಯಿಲ್ಲ, ಗಾಜಿನ ಒಳಗೆ ಜಿಡ್ಡಿಲ್ಲ. ಅಂದರೆ ಒಳಗಿನ ಆ ಪುಟ್ಟ ರೇಡಿಯೇಟರ್, ಹೀಟರ್ ಕೋರ್, ಒಡೆದಿಲ್ಲ. ಟಾರ್ಚಿನ ಬೆಳಕು ಪೈಪಿನ ಗುಂಟ ಸಾಗಿ ಒಂದು ಕ್ಲ್ಯಾಂಪಿನ ಬಳಿ ನಿಲ್ಲುತ್ತದೆ. ಅಲ್ಲಿ ಗುಲಾಬಿ ಬಿಳುಪಿನ ಒಣ ಹೊಪ್ಪಳೆ. ಚಳಿಗೆ ರಬ್ಬರ್ ಕುಗ್ಗಿ ಕ್ಲ್ಯಾಂಪ್ ಸಡಿಲಾಗಿದೆ. ಎಂಜಿನ್ ಕಾದಾಗ ಅಲ್ಲಿಂದ ಕೂಲೆಂಟ್ ಜಿನುಗಿದೆ. ಆರುವಾಗ ರೇಡಿಯೇಟರ್ ಡಬ್ಬಿಯಿಂದ ಎಳೆದುಕೊಳ್ಳುವ ಬದಲು ಅದೇ ಸಂದಿನಿಂದ ಗಾಳಿ ಎಳೆದುಕೊಂಡಿದೆ. ಡಬ್ಬಿ ತುಂಬಿಯೇ ಉಳಿದದ್ದು ಅದಕ್ಕೆ.

"ತಣ್ಣಗಾದ ಮೇಲೆ ಸ್ಕ್ರೂ ಬಿಗೀರಿ, ಆಮೇಲೆ ಹೊಸ ಕ್ಲ್ಯಾಂಪೇ ಹಾಕಿಬಿಡಿ, ಒಂದೆರಡು ಡಾಲರ್ ಅಷ್ಟೆ. ದಿನಾ ಬೆಳಗ್ಗೆ ಮುಚ್ಚಳ ತೆಗೆದು ನೋಡಿ. ಎಲ್ಲೂ ಸೋರದೆ ಮತ್ತೆ ಕಡಿಮೆ ಆದ್ರೆ ಎಂಜಿನ್ ಒಳಗಿನ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿರ್ಬಹುದು. ಅದು ಗ್ಯಾರೇಜಿನವರ ಕೆಲಸ, ನನ್ನನ್ನು ಕರೀಬೇಡಿ."