ನಿಂತ ಗಾಡಿಗೆ ಬಡಿದ ಪೆಟ್ಟು

ಓಡುವ ಗಾಡಿಗೆ ಅಪಾಯವುಂಟು, ನಿಂತ ಗಾಡಿಗೆ ಯಾವ ಅಪಾಯವೂ ಇಲ್ಲವೆಂದು ನಾವು ಬಹುದಿನ ತಿಳಿದುಕೊಂಡಿದ್ದೆವು. ಈ ತಿಳಿವಳಿಕೆಯು ತಪ್ಪೆಂಬದನ್ನು ಒಂದೇ ವರ್ಷದ ಅವಧಿಯಲ್ಲಿ ಮೂರು ಸಲ ಅನುಭವದಿಂದ ಕಲಿಯಬೇಕಾಯಿತು. ಮೂರು ಸಲವೂ ನಾವು ಗಾಡಿಯಲ್ಲಿರಲಿಲ್ಲ. ಬೀಗ ಹಾಕಿ, ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಂಡು ದೂರ ಹೋಗಿದ್ದೆವು. ಆದರೂ ಪೆಟ್ಟು ಬಿದ್ದಿತು. ಆ ಪೆಟ್ಟುಗಳಿಂದಾದ ನಷ್ಟದ ಲೆಕ್ಕವನ್ನು ಒಪ್ಪಿಸುವದು ಈ ಲೇಖನದ ಉದ್ದೇಶವಲ್ಲ. ಎರಡನೆಯ ಪೆಟ್ಟಿನ ಸಂದರ್ಭದಲ್ಲಿ ನಾವು ನಡೆದುಕೊಂಡ ರೀತಿಯು ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತಿರುವದು. ಮನೆಯ ಮುಂದೆ ಗಾಡಿ ನಿಲ್ಲಿಸುವ ಗೃಹಸ್ಥರು ಈಗ ಹಳ್ಳಿಹಳ್ಳಿಗಳಲ್ಲಿಯೂ ಇರುವದರಿಂದ, ಅದನ್ನು ವಾಚಕರ ಮುಂದೆ ಇಡುವದು ಉಚಿತವೆಂದು ತೋರಿತು.

ಮೊದಲನೆಯ ಸಂಗತಿಯು ಬ್ಯಾಡಗಿಯಲ್ಲಿ ನಡೆಯಿತು. 2024ನೆಯ ಇಸವಿಯ ಫೆಬ್ರುವರಿ ತಿಂಗಳು, ಮೆಣಸಿನಕಾಯಿಯ ಸುಗ್ಗಿ. ವರುಷದ ಖಾರದ ಪುಡಿಗೆ ಬೇಕಾದ ಕಾಯಿಯನ್ನು ಸ್ವತಃ ನೋಡಿ ತರಬೇಕೆಂಬದು ನಮ್ಮ ಮನೆಯವರ ಹಟ. ಆದುದರಿಂದ ಒಂದು ಗುರುವಾರ ಮುಂಜಾನೆ ನಮ್ಮ ಚಿಕ್ಕ ಕಾರಿನಲ್ಲಿ ಇಬ್ಬರೂ ಹೊರಟೆವು. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ದೊಡ್ಡ ಪೇಟೆ. ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರ ಪ್ರಾಂತದಿಂದಲೂ ಚೀಲಗಳನ್ನು ಹೇರಿಕೊಂಡು ಬಂದ ಲಾರಿಗಳು ಸಾಲುಗಟ್ಟಿ ನಿಂತಿರುವವು. ಊರಿನ ರಸ್ತೆಗಳು ಅಷ್ಟು ಲಾರಿಗಳಿಗಾಗಿ ಹುಟ್ಟಿದವುಗಳಲ್ಲ. ನಾವು ಒಂದು ಚಹದ ಅಂಗಡಿಯ ಪಕ್ಕದಲ್ಲಿ ಕಾರನ್ನು ನಿಲ್ಲಿಸಿ ಹೋದೆವು. ಒಂದು ತಾಸಿನ ನಂತರ ಬಂದು ನೋಡಿದರೆ ಹಿಂಬದಿಯ ದೀಪವು ಒಡೆದು ಚೂರಾಗಿದ್ದಿತು. ಅದರ ಕೆಳಗಿನ ಭಾಗವು ಒಳಕ್ಕೆ ಹೋಗಿದ್ದಿತು. ಸುತ್ತಲೂ ಜನರು, ಆದರೆ ನೋಡಿದವರು ಯಾರೂ ಇಲ್ಲ. ಚಹದ ಅಂಗಡಿಯವನು ಮಾತ್ರ, "ಲಾರಿಯವ ಹಿಂದ ಸರಿಸಿದಾ, ತಾಗಿತು, ಇಳದ ನೋಡಿ ಹತ್ತಿ ಹ್ವಾದ. ನಂಬರ್ ಯಾರ ನೋಡತಾರ್ರೀ ಯಜಮಾನರ" ಎಂದನು.

ಇಳಿದು ನೋಡಿ ಹತ್ತಿ ಹೋದನು! ಈ ಮಾತು ನಮ್ಮನ್ನು ದೀಪ ಒಡೆದುದಕ್ಕಿಂತ ಹೆಚ್ಚು ನೋಯಿಸಿತು. ತಾಗಿದ್ದು ತಿಳಿಯದೆ ಹೋಗಿದ್ದರೆ ಅದು ಪ್ರಮಾದ. ಸಂಸ್ಕೃತದಲ್ಲಿ ಪ್ರಮಾದವೆಂಬ ಶಬ್ದವು ಮದ, ಉನ್ಮಾದ ಎಂಬ ಶಬ್ದಗಳು ಹುಟ್ಟಿದ ಧಾತುವಿನಿಂದಲೇ ಹುಟ್ಟಿದ್ದು; ಮೈಮರೆತ ಸ್ಥಿತಿ ಎಂದು ಅದರ ಭಾವ. ಮೈಮರೆವು ಯಾರಿಗಾದರೂ ಬಂದೀತು. ಆದರೆ ಇಳಿದು, ನೋಡಿ, ತಿಳಿದು, ಮತ್ತೆ ಹತ್ತಿ ಹೋಗುವವನು ಮೈಮರೆತವನಲ್ಲ. ಅವನು ಆಗ ಪೂರ್ಣವಾಗಿ ಎಚ್ಚತ್ತವನು. ಅಲ್ಲಿಂದ ಮುಂದಿನದು ಪ್ರಮಾದವಲ್ಲ, ಅಪರಾಧ.

ಕಾಯದೆಯೂ ಹೀಗೆಯೇ ಹೇಳುವದೆಂದು ಆಮೇಲೆ ಓದಿ ತಿಳಿದುಕೊಂಡೆವು. 1988ರ ಮೋಟಾರು ವಾಹನ ಕಾಯದೆಯ 134ನೆಯ ಕಲಮಿನ ಪ್ರಕಾರ, ಅಪಘಾತದಲ್ಲಿ ಮನುಷ್ಯನಿಗೆ ಗಾಯವಾದರೆ ಮಾತ್ರವಲ್ಲ, ಪರರ ಸ್ವತ್ತಿಗೆ ಹಾನಿಯಾದರೂ ಚಾಲಕನಿಗೆ ಕರ್ತವ್ಯವುಂಟು. ಸ್ಥಳದಲ್ಲಿ ಪೋಲೀಸರಿಲ್ಲದಿದ್ದರೆ ಅವನು ಹತ್ತಿರದ ಠಾಣೆಗೆ ಹೋಗಿ, ಆದಷ್ಟು ಬೇಗ, ಹೇಗಿದ್ದರೂ 24 ತಾಸುಗಳೊಳಗೆ, ನಡೆದುದನ್ನು ತಿಳಿಸತಕ್ಕದ್ದು. ತಪ್ಪಿದರೆ 187ನೆಯ ಕಲಮಿನಂತೆ ಶಿಕ್ಷೆ. 2019ರ ತಿದ್ದುಪಡಿಯ ತರುವಾಯ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಇಂಗ್ಲಂಡದ ರಸ್ತೆ ಸಂಚಾರದ ಕಾಯದೆಯೂ 1988ರದೇ. ಅಲ್ಲಿಯೂ 24 ತಾಸುಗಳ ಗಡುವೇ ಇರುವದು. ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಂತೂ, ನಿಂತ ಗಾಡಿಗೆ ತಾಗಿಸಿದವನಿಗೆ ಅದರ ಒಡೆಯನು ಸಿಕ್ಕದಿದ್ದರೆ, ತನ್ನ ಹೆಸರು ವಿಳಾಸಗಳನ್ನು ಚೀಟಿಯಲ್ಲಿ ಬರೆದು ಕಣ್ಣಿಗೆ ಬೀಳುವಂತೆ ಆ ಗಾಡಿಯ ಮೇಲೆ ಇಟ್ಟು ಹೋಗಬೇಕೆಂದು ಕಾಯದೆಯೇ ವಿಧಿಸಿರುವದು. ನಾವು ಒಡೆದ ದೀಪದ ಬಳಿ ನಿಂತು ಗಾಜಿನ ಮೇಲೆ ಚೀಟಿಯನ್ನು ಹುಡುಕಲಿಲ್ಲ. ಹುಡುಕಿದ್ದರೆ ಚಹದ ಅಂಗಡಿಯವನು ನಗುತ್ತಿದ್ದನು. ದೀಪಕ್ಕೂ ಬಣ್ಣಕ್ಕೂ 3,200 ರೂಪಾಯಿ ತೆತ್ತು ಸುಮ್ಮನಾದೆವು. ಸುಮ್ಮನಾದುದು ಬಾಯಿ ಮಾತ್ರ. ಸಿಟ್ಟು ಒಳಗೆ ಹಾಗೆಯೇ ಉಳಿಯಿತು.

ಆ ಸಿಟ್ಟು ಯಾರ ಮೇಲೆ ಇಳಿಯಿತೆಂಬದೇ ಎರಡನೆಯ ಸಂಗತಿ.

ಅದೇ ವರುಷದ ಕಾರ್ತಿಕ ಮಾಸ. ರಾಣೇಬೆನ್ನೂರು ತಾಲೂಕಿನ ನಮ್ಮ ಮೇಡ್ಲೇರಿಯಲ್ಲಿ ಗೋವಿನಜೋಳದ ಒಕ್ಕಲಾಟ ನಡೆದಿದ್ದಿತು. ಕಣಗಳು ಕಡಿಮೆಯಾದ ಈ ಕಾಲದಲ್ಲಿ ರಸ್ತೆಯೇ ಕಣ. ನಮ್ಮ ಬೀದಿಯ ಒಂದು ಬದಿಗೆ ಉದ್ದಕ್ಕೂ ಕಾಳು ಹರವಿದ್ದರು. ಇನ್ನೊಂದು ಬದಿಗೆ, ಮನೆಯ ಮುಂದಿನ ಬೇವಿನ ಮರದ ನೆರಳಿನಲ್ಲಿ, ನಮ್ಮ ಕಾರು ನಿಂತಿದ್ದಿತು. ಸಂಜೆ ಹೊರಗೆ ಬಂದು ನೋಡಿದರೆ ಬಲಬದಿಯ ಬಾಗಿಲು ತಗ್ಗಾಗಿದ್ದಿತು. ಕನ್ನಡಿಯು ಮುರಿದು ಜೋತುಬಿದ್ದಿದ್ದಿತು. ಬ್ಯಾಡಗಿಯ ಸಿಟ್ಟೆಲ್ಲ ಒಮ್ಮೆಲೆ ಎದ್ದು ನಿಂತಿತು.

ದೀಪ ಹಚ್ಚುವ ಹೊತ್ತಿಗೆ ಒಬ್ಬ ಹುಡುಗನು ಬಂದು ಕಟ್ಟೆಯ ಕೆಳಗೆ ನಿಂತನು. ಹತ್ತೊಂಬತ್ತು ವರುಷದವನು, ನಮ್ಮ ಶಾಲೆಯಲ್ಲಿ ಕಲಿತವನು, ಊರಿನ ಒಬ್ಬ ಒಕ್ಕಲಿಗರ ಟ್ರ್ಯಾಕ್ಟರು ನಡೆಸುತ್ತಿದ್ದನು. ಕೈಯಲ್ಲಿ ಟವೆಲು ಹಿಂಡುತ್ತ, "ಗುರುಗಳ, ನಿಮ್ಮ ಕಾರಿಗೆ ತಾಗಿಸಿದವ ನಾನರೀ. ಟ್ರೇಲರು ಹಿಂದ ಸರಸೂ ಮುಂದ ತಿಳೀಲಿಲ್ಲರೀ. ಆವಾಗ ನೀವು ಮನ್ಯಾಗ ಇರಲಿಲ್ಲ, ಅದಕ್ಕ ಈಗ ಬಂದೆ. ತಪ್ಪಾತರೀ" ಎಂದನು.

ವಾಚಕರೇ, ಆಗ ನಾವು ಏನು ಹೇಳಬೇಕಾಗಿದ್ದಿತೆಂಬದು ಈಗ ನಮಗೆ ಗೊತ್ತಿದೆ. ಆಗ ಹೇಳಿದ್ದು ಬೇರೆ. ಕಣ್ಣು ಎಲ್ಲಿತ್ತು ಎಂದೆವು. ನಿನಗೆ ಗಾಡಿ ಕೊಟ್ಟವರಿಗೆ ಬುದ್ಧಿ ಇಲ್ಲವೆಂದೆವು. ಹತ್ತು ಮನೆಯವರು ಕೇಳುವಂತೆ ಕೂಗಿದೆವು. ಬ್ಯಾಡಗಿಯ ಲಾರಿಯವನಿಗೆ ಆಡಬೇಕೆಂದು ಒಂಬತ್ತು ತಿಂಗಳು ಕೂಡಿಟ್ಟ ಮಾತುಗಳನ್ನೆಲ್ಲ ಆ ಹುಡುಗನ ತಲೆಯ ಮೇಲೆ ಸುರಿದೆವು. ಅಷ್ಟಕ್ಕೇ ನಿಲ್ಲದೆ ಆ ರಾತ್ರಿಯೇ ಟ್ರ್ಯಾಕ್ಟರಿನ ಯಜಮಾನರ ಮನೆಗೆ ಹೋಗಿ, ಇಂಥ ಹುಡುಗನ ಕೈಯಲ್ಲಿ ಗಾಡಿ ಕೊಡುವದು ಊರಿಗೇ ಅಪಾಯವೆಂದು ಹೇಳಿ ಬಂದೆವು. ಮರುದಿನ ಮುಂಜಾನೆ ಅವರು ಅವನನ್ನು ಕೆಲಸದಿಂದ ಬಿಡಿಸಿದರು. ದಿನಕ್ಕೆ 500 ರೂಪಾಯಿಯ ಆ ಕೆಲಸದ ಮೇಲೆ ಅವನ ತಾಯಿಯ ಮತ್ತು ತಂಗಿಯ ಹೊಟ್ಟೆ ನಡೆಯುತ್ತಿದ್ದಿತು.

ಈ ಸುದ್ದಿಯನ್ನು ನಮ್ಮ ಮನೆಯವರು ನೀರು ತರಲು ಹೋದಲ್ಲಿ ಕೇಳಿ ಬಂದರು. ಕೊಡವನ್ನು ಇಳಿಸಿ, "ಅಲ್ರೀ, ಬ್ಯಾಡಗ್ಯಾಗ ಬಡದು ಓಡಿ ಹ್ವಾದವಗ ನೀವು ಏನ ಮಾಡಿದ್ರಿ? ಏನೂ ಇಲ್ಲ. ಈ ಹುಡುಗ ತಾನಾಗಿ ಬಂದು ಹೇಳಿದ್ದಕ್ಕ ಅವನ ಅನ್ನಾ ಹ್ವಾತು. ಸಾಲ್ಯಾಗ ನೀವು ಕಲಿಸಿದ್ದು ಇದನ್ನ ಏನ್ರೀ?" ಎಂದರು.

ನಾವು ಉತ್ತರ ಕೊಡಲಿಲ್ಲ. ಉತ್ತರವಿರಲಿಲ್ಲ. ತಪ್ಪು ಮಾಡಿದರೆ ಬಂದು ಒಪ್ಪಿಕೊಳ್ಳಬೇಕೆಂದು ಮೂವತ್ತು ವರುಷಕ್ಕೂ ಹೆಚ್ಚು ಕಾಲ ಹುಡುಗರಿಗೆ ಹೇಳುತ್ತ ಬಂದವರು ನಾವು. ಅವರಲ್ಲಿ ಒಬ್ಬನು ಆ ಪಾಠವನ್ನು ನಿಜವೆಂದು ನಂಬಿ ನಮ್ಮ ಕಟ್ಟೆಗೇ ಬಂದನು. ಆ ನಂಬಿಕೆಗೆ ನಾವು ಕೊಟ್ಟ ಫಲವನ್ನು ಇಡೀ ಬೀದಿಯು ನೋಡಿತು.

ಆ ಮಧ್ಯಾಹ್ನ ಕಾರಿನ ಬಳಿ ಹೋಗಿ ಸಮಾಧಾನದಿಂದ ನೋಡಿದೆವು. ಕಾರಿನ ಬಲಗಾಲಿಗಳು ಮಣ್ಣಿನ ಅಂಚನ್ನು ಬಿಟ್ಟು ರಸ್ತೆಯ ಮೇಲೆ ಒಂದು ಮೊಳ ಒಳಗೆ ಇದ್ದವು. ಆಚೆ ಬದಿಗೆ ಕಾಳಿನ ರಾಶಿ. ನಡುವೆ ಉಳಿದ ದಾರಿಯಲ್ಲಿ ಟ್ರೇಲರನ್ನು ಹಿಂದಕ್ಕೆ ಸರಿಸುವದು ಸಣ್ಣ ಕೆಲಸವಲ್ಲ. ಕೊಂಡಿಯಿಂದ ಜೋಡಿಸಿದ ಟ್ರೇಲರು ಹಿಂದಕ್ಕೆ ಹೋಗುವಾಗ ಚಾಲಕನು ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೊರಳುವದು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ತುಂಬಿದ ಚೀಲಗಳ ಹಿಂದೆ ಏನಿದೆಯೆಂಬದು ಕಾಣುವದಿಲ್ಲ; ಕೆಳಗೆ ನಿಂತು ಕೈಸನ್ನೆ ಮಾಡುವವನೊಬ್ಬನು ಬೇಕು. ಅಂಥವನನ್ನು ಯಜಮಾನರು ಕೊಟ್ಟಿರಲಿಲ್ಲ. ಪರರಿಗೆ ಅಡ್ಡಿಯಾಗುವಂತೆ ಗಾಡಿಯನ್ನು ನಿಲ್ಲಿಸಬಾರದೆಂದು ಅದೇ ಕಾಯದೆಯ 122ನೆಯ ಕಲಮು ಹೇಳುವದು. ಅಂದರೆ ಲಾರಿಯವನನ್ನು ಬೈಯಲು ನಾವು ಓದಿದ ಗ್ರಂಥದಲ್ಲಿಯೇ ನಮಗೂ ಒಂದು ಪುಟವಿದ್ದಿತು.

ಇನ್ನೊಂದು ಹಳೆಯ ಗ್ರಂಥವೂ ನೆನಪಿಗೆ ಬಂದಿತು. ಮನುಸ್ಮೃತಿಯಲ್ಲಿ ಇಂದು ಒಪ್ಪಲಾಗದ ಸಂಗತಿಗಳು ಅನೇಕವಿರುವವು. ಆದರೆ ಅದರ ಎಂಟನೆಯ ಅಧ್ಯಾಯದಲ್ಲಿ ಬಂಡಿಗಳಿಂದಾಗುವ ಹಾನಿಯ ವಿಚಾರವು ಬಹು ಸೂಕ್ಷ್ಮವಾಗಿ ಬಂದಿರುವದು. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಚಕ್ರ ಮುರಿದರೆ, ಸರಿಯಿರೆಂದು ಚಾಲಕನು ಕೂಗಿ ಹೇಳಿದ್ದರೆ, ಹೀಗೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ನಿಂತ ಕಾರಿಗೆ ಕಿವಿಯಿಲ್ಲದ್ದರಿಂದ ಕೊನೆಯದು ನಮ್ಮ ಪ್ರಸಂಗಕ್ಕೆ ಹೊಂದದು. ಆದರೆ ಅದರ ಮುಂದಿನ ವಿಧಿಯು ಹೊಂದುವದು: ಚಾಲಕನ ಕೌಶಲ್ಯದ ಕೊರತೆಯಿಂದ ಬಂಡಿಯು ದಾರಿ ತಪ್ಪಿ ಹಾನಿಯಾದರೆ ಬಂಡಿಯ ಒಡೆಯನಿಗೆ ಇನ್ನೂರು ಪಣ ದಂಡ, ಚಾಲಕನು ನುರಿತವನಾಗಿದ್ದರೆ ಮಾತ್ರ ದಂಡವು ಚಾಲಕನಿಗೆ. ಕಲಿಯದವನ ಕೈಗೆ ಹಗ್ಗ ಕೊಟ್ಟವನೇ ಹೊಣೆಗಾರನೆಂದು ತಾತ್ಪರ್ಯ. ಇಂದಿನ ಕಾಯದೆಯೂ ಪರವಾನಿಗೆಯಿಲ್ಲದವನಿಗೆ ಗಾಡಿ ಕೊಟ್ಟ ಒಡೆಯನನ್ನು ಶಿಕ್ಷೆಗೆ ಗುರಿಮಾಡುವದು. ನಮ್ಮ ಹುಡುಗನಿಗೆ ಪರವಾನಿಗೆ ಇರಲಿಲ್ಲ. ಅದು ಯಜಮಾನರಿಗೆ ಗೊತ್ತಿದ್ದಿತು. ಅವರ ಮನೆಗೆ ಹೋಗಿ ಹುಡುಗನ ಮೇಲೆ ದೂರು ಹೇಳಿದ ನಾವು ಅದನ್ನು ಕೇಳಿಯೇ ಇರಲಿಲ್ಲ.

ಸಂಜೆ ಮತ್ತೆ ಅವರ ಮನೆಗೆ ಹೋದೆವು. ನಮ್ಮ ತಪ್ಪನ್ನು ನಾವೇ ಹೇಳಿಕೊಂಡೆವು. ಬಾಗಿಲು ಕನ್ನಡಿಗಳ ದುರಸ್ತಿಗೆ ರಾಣೇಬೆನ್ನೂರಿನ ಗ್ಯಾರೇಜಿನಲ್ಲಿ ಹೇಳಿದ 8,500 ರೂಪಾಯಿಗಳಲ್ಲಿ ಅರ್ಧ ಅವರು, ಅರ್ಧ ನಾವು ಕೊಡತಕ್ಕದ್ದೆಂದೂ ಹುಡುಗನಿಂದ ಒಂದು ಕಾಸನ್ನೂ ತೆಗೆದುಕೊಳ್ಳತಕ್ಕದ್ದಲ್ಲವೆಂದೂ ಗೊತ್ತಾಯಿತು. ಹಣದ ಮಾತಿಗೆ ಅವರು ಒಪ್ಪಿದರು. ಹುಡುಗನನ್ನು ತಿರುಗಿ ಕರೆಯುವ ಮಾತಿಗೆ, "ನೀವ ಹೇಳಿದ್ರಿ ಅಂತನ ಬಿಡಿಸೇನ್ರೀ ಮಾಸ್ತರ. ಈಗ ಬ್ಯಾರೆದವಗ ಮಾತು ಕೊಟ್ಟೇನಿ" ಎಂದರು. ಹುಡುಗನು ಅಷ್ಟರಲ್ಲಿ ದಾವಣಗೆರೆಗೆ ಗಾರೆ ಕೆಲಸಕ್ಕೆ ಹೋಗಿದ್ದನು. ಒಂದು ರಾತ್ರಿಯಲ್ಲಿ ಕೆಡಿಸಿದ್ದನ್ನು ಮರುದಿನ ಸರಿಪಡಿಸಲು ನಮ್ಮಿಂದಾಗಲಿಲ್ಲ.

ಮೂರನೆಯ ಪೆಟ್ಟು ಬಿದ್ದುದು ಮುಂದಿನ ಮಾಘ ಮಾಸದಲ್ಲಿ. ಈ ಸಲ ಕಾರು ಪೂರ್ತಿಯಾಗಿ ನಮ್ಮ ಅಂಗಳದ ಅಂಚಿನಲ್ಲಿಯೇ ಇದ್ದಿತು. ಎಡಬದಿಗೆ ಬಾಗಿಲಿನಿಂದ ಬಾಗಿಲಿಗೆ ಒಂದು ಉದ್ದನೆಯ ಗೀರು. ಮಾಡಿದವರು ನಮ್ಮ ಬೀದಿಯವರೇ ಆಗಿರಬೇಕು. ಹೊರಗಿನ ಗಾಡಿಗಳು ಅಲ್ಲಿಗೆ ಬರುವದಿಲ್ಲ. ಆ ದಿನ ದೀಪ ಹಚ್ಚುವ ಹೊತ್ತಿಗೆ ನಾವು ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತೆವು. ಯಾರೂ ಬರಲಿಲ್ಲ. ಏಕೆ ಬರಲಿಲ್ಲವೆಂಬದನ್ನು ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ಗೃಹಸ್ಥರಿಗೆ ಉಪಯೋಗವಾಗುವ ನಾಲ್ಕು ಮಾತುಗಳನ್ನು ಹೇಳಿ ಮುಗಿಸುವೆವು. ಗಾಡಿಯನ್ನು ನಿಲ್ಲಿಸಿದ ಮೇಲೆ ಹತ್ತು ಹೆಜ್ಜೆ ದೂರ ಹೋಗಿ, ತುಂಬಿದ ಟ್ರೇಲರು ನಡೆಸುವವನ ಕಣ್ಣಿನಿಂದ ಒಮ್ಮೆ ಹಿಂತಿರುಗಿ ನೋಡಿರಿ, ಕನ್ನಡಿಗಳನ್ನು ಮಡಚಿರಿ. ಹಾನಿಯಾದುದು ಕಂಡಕೂಡಲೆ, ಗಾಡಿಯನ್ನು ಸರಿಸುವ ಮುಂಚೆ, ನಾಲ್ಕು ಬದಿಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿರಿ. ನೋಡಿದವರಿದ್ದರೆ ಅವರ ಹೆಸರು ಬರೆದುಕೊಳ್ಳಿರಿ. ಓಡಿಹೋದವನ ನಂಬರು ಸಿಕ್ಕಿದ್ದರೆ ತಡಮಾಡದೆ ಠಾಣೆಗೆ ತಿಳಿಸಿರಿ. ಅಲ್ಲಿ ದಯೆ ತೋರಿಸುವ ಕಾರಣವಿಲ್ಲ. ಎದುರಿನವನ ವಿಮೆಯಿಂದ ನಷ್ಟವನ್ನು ಪಡೆಯಬೇಕಾದರೆ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಯ ದಾರಿಯುಂಟು. ಸಣ್ಣ ತಗ್ಗಿಗೆ ಅದು ಉದ್ದನೆಯ ದಾರಿ. ಸ್ವಂತ ವಿಮೆಯಿಂದ ಬೇಡುವ ಮುಂಚೆ ಲೆಕ್ಕ ಹಾಕಿರಿ. ಒಂದು ವರುಷ ಏನೂ ಬೇಡದಿದ್ದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20, ಸತತವಾಗಿ ಐದು ವರುಷ ಬೇಡದಿದ್ದವರಿಗೆ ನೂರಕ್ಕೆ 50 ರಿಯಾಯಿತಿ ಇರುವದು. ಒಂದು ಕನ್ನಡಿಗಾಗಿ ಬೇಡಿದರೆ ಆ ರಿಯಾಯಿತಿಯು ಹೋಗುವದು.

ಇವೆಲ್ಲ ಗಾಡಿಯ ಮಾತು. ಮನುಷ್ಯನ ಮಾತು ಒಂದೇ ಇರುವದು. ತಾಗಿಸಿದವನು ತಾನಾಗಿ ಬಂದು ಹೇಳಿದರೆ, ಹಣದ ಮಾತನ್ನು ಆಮೇಲೆ ಆಡಿರಿ, ಹೊಣೆಯ ಮಾತನ್ನೂ ಆಮೇಲೆ ಆಡಿರಿ. ಮೊದಲು ಅವನನ್ನು ಕಟ್ಟೆಯ ಮೇಲೆ ಕೂಡ್ರಿಸಿ, ಬಂದು ಹೇಳಿದ್ದು ಒಳ್ಳೆಯದಾಯಿತೆಂದು ಹೇಳಿರಿ. ಓಡಿಹೋದವನು ನಮ್ಮ ಕೈಗೆ ಸಿಕ್ಕುವದಿಲ್ಲ, ಬಂದವನು ಸಿಕ್ಕುವನು. ಸಿಕ್ಕವನನ್ನೇ ಹೊಡೆಯುತ್ತ ಹೋದರೆ ಓಡಿಹೋಗುವದೇ ಜಾಣತನವೆಂದು ಊರಿಗೆ ಕಲಿಸಿದವರು ನಾವೇ ಆಗುವೆವು.

2025ರ ಯುಗಾದಿಗೆ ಆ ಹುಡುಗನು ಊರಿಗೆ ಬಂದನು. ನಾವೇ ಅವನ ಮನೆಗೆ ಹೋಗಿ, ಅವನ ತಾಯಿಯ ಎದುರಿಗೆ, "ತಮ್ಮಾ, ಅಂದು ತಪ್ಪಿದವರು ನಾವು" ಎಂದೆವು. ಚಾಲಕನ ಪರವಾನಿಗೆಯ ಪರೀಕ್ಷೆಗೆ ಬೇಕಾದ ರಸ್ತೆಯ ಚಿಹ್ನೆಗಳ ಪುಸ್ತಕವನ್ನು ಕೊಟ್ಟೆವು. ತಿಳಿಯದಿದ್ದರೆ ಸಂಜೆ ಬಾ, ಹೇಳಿಕೊಡುವೆವು ಎಂದೆವು. "ಹೂಂನರೀ ಗುರುಗಳ" ಎಂದು ಪುಸ್ತಕವನ್ನು ಎರಡೂ ಕೈಯಿಂದ ತೆಗೆದುಕೊಂಡನು. ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದು ಬಳಿಕ ಕೇಳಿದೆವು. ಕಲಿಯಲು ಮಾತ್ರ ನಮ್ಮ ಕಟ್ಟೆಗೆ ಬರಲಿಲ್ಲ.