ಸುಟ್ಟ ಬದನಿಕಾಯಿ

ಎಳ್ಳ ಅಮವಾಸ್ಯೆಯ ಬುತ್ತಿ ಎಲ್ಲಾ ಮನೆಯಿಂದಲೇ ಕಟ್ಟಿಕೊಂಡು ಹೋಗುವಂಥದ್ದು. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯ, ಗುರೆಳ್ಳು ಹಿಂಡಿ, ಅಂಬಲಿ. ಹಿಂದಿನ ರಾತ್ರಿ ಹೆಣ್ಣುಮಕ್ಕಳಿಗೆ ನಿದ್ದೆ ಇರುವುದಿಲ್ಲ. ಬದನಿಕಾಯಿ ಮಾತ್ರ ಹಸಿಯಾಗಿಯೇ ಹೋಗಬೇಕು, ಹೊಲದಲ್ಲೇ ಸುಡಬೇಕು. ಮನೆಯಲ್ಲಿ ಸುಟ್ಟು ಒಯ್ದರೆ ಏನಾಗತದ ಅಂತ ಸಣ್ಣವನಿದ್ದಾಗ ಅವ್ವನನ್ನು ಕೇಳಿದ್ದೆ. "ಏನೂ ಆಗಂಗಿಲ್ಲ. ತಣ್ಣಗಾಗತದ," ಅಂದಿದ್ದಳು.

ನಮ್ಮ ಮೈಂದರ್ಗಿಯ ಮರಾಠಿ ಮಂದಿ ಈ ಹಬ್ಬಕ್ಕೆ ವೇಳ ಅಮಾವಾಸ್ಯಾ ಅನ್ನುತ್ತಾರೆ. ನಮ್ಮ ಎಳ್ಳೇ ಅವರ ಬಾಯಲ್ಲಿ ವೇಳ ಆಯಿತು ಅಂತ ಬಹಳ ಮಂದಿ ಹೇಳುವುದುಂಟು. ಹೆಸರು ಯಾವುದಾದರೇನು, ಆ ದಿನ ಅಕ್ಕಲಕೋಟ ಸೀಮೆಯ ಊರುಗಳು ಖಾಲಿ, ಹೊಲಗಳು ತುಂಬ. ಸೋಲಾಪುರ, ಪುಣೆಗೆ ದುಡಿಯಲು ಹೋದವರೂ ಬರುತ್ತಾರೆ. ಮಾಲದಂಡಿ ಜೋಳ ತೆನೆ ಬಿಟ್ಟಿರುತ್ತದೆ. ಹೊಟ್ಟಿಲಿದ್ದ ಭೂಮಿತಾಯಿಗೆ ಅದು ಬಯಕೆಯ ಊಟ. ಕಣಕಿಯ ಗುಡಿಸಲ ಹಾಕಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಪಂಕ್ತಿ.

ನಮ್ಮ ಹೊಲದ ನಡುವೆ ಒಡ್ಡು ಬಿದ್ದು ನಾಲ್ಕು ವರ್ಷ ಆಗಿತ್ತು. ಅಣ್ಣನಿಗೂ ನನಗೂ ಜಗಳ ಭೂಮಿಯದಲ್ಲ, ಬಾವಿ ನೀರಿನ ಪಾಳಿಯದು. ಗುಡಿಸಲ ಎರಡಾದವು. ಪಾಂಡವರೂ ಹತ್ತಾದರು. ಅವ್ವ ಮಾತ್ರ ಒಂದು ಕಡೆ ಬದನಿಕಾಯಿ ಸುಟ್ಟು, ಒಡ್ಡು ದಾಟಿ ಹೋಗಿ ಇನ್ನೊಂದು ಕಡೆಯೂ ಸುಟ್ಟು ಕೊಡುತ್ತಿದ್ದಳು. 2024ರ ಡಿಸೆಂಬರ್ 30, ಸೋಮವಾರ ಅಮವಾಸ್ಯೆ ಬಂತು. ಅವ್ವನ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನ ಆಗಿರಲಿಲ್ಲ, ಹೊಗೆಯ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಬುತ್ತಿ ಬಿಚ್ಚುವುದರಲ್ಲಿ ಇದ್ದಳು. ಬದನಿಕಾಯಿ ನನ್ನ ಪಾಲಿಗೆ ಬಂತು.

ಆರಿಸುವುದು ಗೊತ್ತಿತ್ತು. ನೋಡಲು ದೊಡ್ಡದಿರಬೇಕು, ಕೈಗೆ ಹಗುರ ಇರಬೇಕು. ಭಾರ ಇದ್ದದ್ದರಲ್ಲಿ ಬೀಜ ಜಾಸ್ತಿ. ತೂತು ಇದ್ದರೆ ಹುಳ ನಮಗಿಂತ ಮೊದಲೇ ಹಬ್ಬ ಮಾಡಿದೆ ಅಂತ ಲೆಕ್ಕ. ಒಂದೂವರೆ ಕಿಲೋ ತಂದಿದ್ದೆ. ಎಣ್ಣೆ ಸವರಿ ಚಾಕುವಿನಿಂದ ಅಲ್ಲಲ್ಲಿ ಚುಚ್ಚಿದೆ, ಇಲ್ಲದಿದ್ದರೆ ಒಳಗಿನ ಆವಿಗೆ ಕಾಯಿ ಒಡೆಯುತ್ತದೆ. ತೊಗರಿ ಕಟಗಿಗೆ ಬೆಂಕಿ ಹಚ್ಚಿ, ಮೇಲೆ ಕುಳ್ಳು ಒಟ್ಟಿ, ಧಗಧಗ ಉರಿಯುವಾಗಲೇ ಕಾಯಿ ಇಟ್ಟೆ. ಐದು ನಿಮಿಷದಲ್ಲಿ ಸಿಪ್ಪೆ ಕರ್ರಗಾಯಿತು. ಇಷ್ಟೇ ಏನು ಅಂತ ಒಂದನ್ನು ತೆಗೆದು ಸೀಳಿದೆ. ಒಳಗೆ ಬೆಳ್ಳಗೆ, ಬೆಂಡಿನ ಹಾಗೆ.

ಗುಡಿಸಲ ನೆರಳಿನಲ್ಲಿ ಕರಿ ಕನ್ನಡಕ ಹಾಕಿಕೊಂಡು ಕುಂತಿದ್ದ ಅವ್ವನಿಗೆ ವಾಸನೆಯಿಂದಲೇ ಗೊತ್ತಾಗಿರಬೇಕು. ಸುಮ್ಮನಿದ್ದಳು. ಮಾತು ಬಂದದ್ದು ಒಡ್ಡಿನ ಆಚೆಯಿಂದ.

"ಉರಿಯಾಗ ಇಟ್ಟರ ಸಿಪ್ಪಿ ಸುಡತದ, ಕಾಯಿ ಬೇಯಂಗಿಲ್ಲ. ಕೆಂಡ ಆಗಲಿ ತಡಿ."

ನಾಲ್ಕು ವರ್ಷದಲ್ಲಿ ಪಂಪಿನ ವಿಷಯ ಬಿಟ್ಟು ಅಣ್ಣ ನನ್ನ ಜೊತೆ ಆಡಿದ ಮೊದಲ ಮಾತು ಅದು. ಏನು ಹೇಳಬೇಕೋ ತಿಳಿಯದೆ, "ಕೆಂಡ ಆಗೋತನಕ ಹೊತ್ತ ಮುಳಗತದ," ಅಂದೆ. ಅವನು ಕಬ್ಬಿಣದ ಬುಟ್ಟಿಯಲ್ಲಿ ತನ್ನ ಒಲೆಯ ಕೆಂಡ, ಬೂದಿ ತುಂಬಿಕೊಂಡು ಒಡ್ಡು ಇಳಿದು ಬಂದ. ನನ್ನ ಉರಿ ಸರಿಸಿ, ಬಿಸಿ ಬೂದಿಯಲ್ಲಿ ಕಾಯಿಗಳನ್ನು ತೊಟ್ಟಿನತನಕ ಹೂಳಿ, ಸುತ್ತ ಕೆಂಡ ಇಟ್ಟ. ಎರಡು ಗಡ್ಡೆ ಬೆಳ್ಳುಳ್ಳಿ, ಒಂದು ಹಿಡಿ ಹಸಿಮೆಣಸಿನಕಾಯಿ ಅದರ ಮಗ್ಗುಲಿಗೆ. ಆಗಾಗ ತೊಟ್ಟು ಹಿಡಿದು ಹೊರಳಿಸಿದ. "ತೊಟ್ಟಿನ ಬುಡಕ ಹಿಸುಕಿ ನೋಡು. ಅಲ್ಲಿ ಮೆತ್ತಗಾದರ ಎಲ್ಲಾ ಕಡೆ ಬೆಂದಂಗ." ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತು ಇಬ್ಬರೂ ಬೆಂಕಿ ನೋಡುತ್ತ ಕುಂತೆವು.

ತೆಗೆದ ಮೇಲೆ ತಾಟು ಮುಚ್ಚಿ ಹತ್ತು ನಿಮಿಷ ಬಿಡಬೇಕು, ಸಿಪ್ಪೆ ತಾನೇ ಬಿಡುತ್ತದೆ. ನಾನು ತೊಳೆಯಲು ತಂಬಿಗೆ ಎತ್ತಿದ್ದಕ್ಕೆ ಅವ್ವ ಅಲ್ಲಿಂದಲೇ ಕೂಗಿದಳು, "ನೀರ ಹಚ್ಚಬ್ಯಾಡೋ!" ತೊಳೆದರೆ ಹೊಗೆಯ ವಾಸನೆಯೆಲ್ಲ ನೀರಿನ ಜೊತೆ ಹೋಗುತ್ತದೆ, ಒಂದೆರಡು ಕರಿ ಚೂರು ಉಳಿದರೆ ಉಳಿಯಲಿ. ತಂಬಿಗೆಯ ತಳದಿಂದಲೇ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಜಜ್ಜಿ, ಅದಕ್ಕೆ ಬದನಿಕಾಯಿ ಹಾಕಿ ಹಿಚುಕಿದೆ. ಶೇಂಗಾ ಪುಡಿ, ಹೆಚ್ಚಿದ ಉಳ್ಳಾಗಡ್ಡಿ ತಪ್ಪಲು, ಮೇಲೆ ಹಸಿ ಎಣ್ಣೆ. ಒಗ್ಗರಣೆ ಕೊಡುವವರೂ ಇದ್ದಾರೆ, ನನಗೆ ಸೇರುವುದಿಲ್ಲ.

ಚರಗಕ್ಕೆ ಮೊದಲ ತುತ್ತು ತೆಗೆದಿಟ್ಟು, ಅರ್ಧ ಭಾಗ ತಾಟಿಗೆ ಹಾಕಿ ಅಣ್ಣನ ಕೈಗೆ ಕೊಟ್ಟೆ. ಉಣ್ಣಲು ಕೂಡು ಅಂತ ಅವ್ವ ಅಂದಳು. "ಅಲ್ಲಿ ಮಂದಿ ಕಾಯಲಿಕತ್ಯಾರ," ಅಂತ ಒಡ್ಡು ಹತ್ತಿ ಹೋದ. ನಮ್ಮ ಪಂಕ್ತಿ ಅರ್ಧಕ್ಕೆ ಬಂದಾಗ ಅವನ ಮಗಳು ಖಾಲಿ ತಾಟು ತಂದಳು.

"ಕಾಕಾ, ಉಪ್ಪ ಕಡಿಮಿ ಆಗೇದಂತ. ಅಪ್ಪ ಹೇಳಂದಾನ."

ಅವ್ವ ರೊಟ್ಟಿ ಮುರಿದು ಇನ್ನೊಮ್ಮೆ ಹಚ್ಚಿಕೊಂಡು ನೋಡಿದಳು. "ಹೌದು, ಕಡಿಮಿ ಅದ," ಅಂದಳು.

ಅದೇ ವಾರ ನೀರಿನ ಪಾಳಿಗೆ ಮತ್ತೆ ದನಿ ಏರಿತು. ಬಾವಿಯ ಮಾತು ಇನ್ನೂ ಮುಗಿದಿಲ್ಲ. ಅಣ್ಣನ ಕಬ್ಬಿಣದ ಬುಟ್ಟಿ ನನ್ನ ಗುಡಿಸಲ ಹತ್ತಿರವೇ ಉಳಿದಿದೆ. ವೈನಿ ಎರಡು ಸಲ ಕೇಳಿ ಕಳಿಸಿದ್ದಾರೆ. ಅವನು ಒಮ್ಮೆಯೂ ಕೇಳಿಲ್ಲ.