ತಂದೆಯವರ ಬಲಗೈ

ಹಳಗನ್ನಡದ ಪಾಠ ಹೇಳುವ ನನಗೆ ಮಿದುಳಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ಕಾರಣವುಂಟು. ಕಳೆದ ವರ್ಷ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿದು, ದೊಡ್ಡಬೆಳವಂಗಲದ ಹೊಲದಲ್ಲಿ 40 ವರ್ಷ ರಾಗಿ ಬಿತ್ತಿದ ಬಲಗೈ ಸೋತುಹೋಯಿತು. ಜಗಲಿಯ ಮೇಲೆ ಕುಳಿತು ಕಾಫಿಯ ಲೋಟಕ್ಕೆ ಕೈ ನೀಡಿದರೆ ಅದು ತಡವರಿಸುತ್ತ ಮತ್ತೆಲ್ಲಿಗೋ ಹೋಗುತ್ತಿತ್ತು. ನೋಡಲಾರದೆ ನಾನೇ ಲೋಟವನ್ನು ಅವರ ಎಡಗೈಗೆ ಕೊಟ್ಟುಬಿಡುತ್ತಿದ್ದೆ. ಅವರು ಮಾತನಾಡದೆ ಕುಡಿಯುತ್ತಿದ್ದರು.

ಕೆಟ್ಟದ್ದು ಕೈಯಲ್ಲ, ಮಿದುಳಿನ ಎಡಭಾಗ ಎಂದು ವೈದ್ಯರು ಹೇಳಿದ ಮೇಲೆ ಕೆಲವು ಗ್ರಂಥಗಳನ್ನು ತಿರುವಿದೆ. 1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬವರು ನಾಯಿಯ ಮಿದುಳಿನ ಒಂದು ಪಕ್ಕಕ್ಕೆ ಅಲ್ಪ ವಿದ್ಯುತ್ತನ್ನು ಹಾಯಿಸಲು, ಎದುರು ಪಕ್ಕದ ಕಾಲು ಅಲುಗಿತು. ಚಲನೆಗೊಂದು ನೆಲೆಯುಂಟೆಂದು ತಿಳಿಯಿತು. ಆದರೆ 'ಕೈ ಇತ್ತ ಹೋಗಲಿ' ಎಂಬ ಅಪ್ಪಣೆ ಅಲ್ಲಿ ಯಾವ ಲಿಪಿಯಲ್ಲಿದೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾರ್ಗೊಪೌಲೊಸ್ ಮತ್ತು ಸಂಗಡಿಗರು ಕೋತಿಗಳಿಂದ ಎಂಟು ದಿಕ್ಕಿಗೆ ಕೈ ಆಡಿಸಿ, ಒಂದೊಂದೇ ನರಕೋಶದ ಮಿಡಿತವನ್ನು ಎಣಿಸಿ, 1982ರಲ್ಲಿ ಉತ್ತರ ಪ್ರಕಟಿಸಿದರು. ಬಹುಪಾಲು ಕೋಶಗಳಿಗೆ ತಮ್ಮದೇ ಒಂದು ಮೆಚ್ಚಿನ ದಿಕ್ಕು. ಕೈ ಆ ಕಡೆ ಹೋದಾಗ ಮಿಡಿತ ಹೆಚ್ಚು, ಅದರಿಂದ ಓರೆಯಾದಷ್ಟೂ ಕಡಿಮೆ. ಒಂಟಿ ಕೋಶ ದಾರಿಯನ್ನು ಖಚಿತವಾಗಿ ಹೇಳಲಾರದು. ನೂರಾರು ಕೋಶಗಳ ಒಲವನ್ನು ಕೂಡಿಸಿದಾಗಲೇ ಕೈಯ ಗುರಿ ಕಾಣುತ್ತದೆ.

ಓದುತ್ತಿದ್ದಂತೆ ಘಾಟಿ ಸುಬ್ರಹ್ಮಣ್ಯದ ತೇರು ಕಣ್ಣಿಗೆ ಕಟ್ಟಿತು. ಹಗ್ಗ ಹಿಡಿದ ಒಬ್ಬೊಬ್ಬರೂ ತುಸು ತಮ್ಮ ಕಡೆಗೇ ಎಳೆಯುತ್ತಾರೆ. ತೇರು ಎಲ್ಲರ ಎಳೆತ ಕೂಡಿದ ದಿಕ್ಕಿಗೆ ಸಾಗುತ್ತದೆ. ಕೆಲವರು ಕೈಬಿಟ್ಟರೆ ಅದು ಓರೆಯಾದೀತು, ನಿಧಾನವಾದೀತು. ಉಳಿದವರು ಹಗ್ಗ ಬಿಡದಿದ್ದರೆ ನಿಂತೇಬಿಡಬೇಕೆಂದಿಲ್ಲ. ನೂಡೊ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರವೇ: ಮಿದುಳಿಗೆ ಪೆಟ್ಟಾದ ಕೋತಿಗಳಿಗೆ ಸೋತ ಕೈಯಿಂದಲೇ ಅಭ್ಯಾಸ ಮಾಡಿಸಿದರೆ, ಪೆಟ್ಟಾದ ಜಾಗದ ನೆರೆಯಲ್ಲಿ ಕೈಗೆ ಸೇರಿದ ನೆಲೆ ಉಳಿಯಿತು, ಅಭ್ಯಾಸವಿಲ್ಲದಿದ್ದಾಗ ಅದೂ ಕುಗ್ಗಿತ್ತು.

ನನ್ನ ಎದೆ ಧಸಕ್ಕೆಂದಿತು. ಕರುಣೆಯೆಂದು ಬಗೆದು ನಾನು ಕಿತ್ತುಕೊಂಡಿದ್ದು ಆ ಹಗ್ಗವನ್ನೇ!

ಮರುದಿನ ಲೋಟವನ್ನು ಬಲಗಡೆಗೆ ಇಟ್ಟು, ನನ್ನ ಕೈಗಳನ್ನು ಕಟ್ಟಿಕೊಂಡು ಕುಳಿತೆ. ತಂದೆಯವರು ಒಮ್ಮೆ ನನ್ನ ಮುಖ ನೋಡಿದರು; ಕೈ ಚಾಚಿದರು. ಕಾಫಿ ಆರಿತು. ಮೂರನೆಯ ಸಲ ಬೆರಳು ತಾಕಿ ಲೋಟ ಉರುಳಿತು. ಅಮ್ಮ ಬಟ್ಟೆ ತಂದು ಜಗಲಿ ಒರೆಸಿದರು. ಎಷ್ಟೋ ದಿನಗಳ ಮೇಲೆ ತಂದೆಯವರು ನಕ್ಕು, "ಇನ್ನೊಂದು ಲೋಟ ತಾರಪ್ಪ, ಇದೇ ಕಡೆ ಇಡು" ಎಂದರು.